ಕಂಬದ ಬುಡದ ಹ್ಯಾಂಡಲ್

ಕಳೆದ ಜುಲೈನಲ್ಲಿ ನಮ್ಮ ಶಾಂತಳ್ಳಿ ಕಡೆ ಐದು ದಿನ ಕರೆಂಟ್ ಇರಲಿಲ್ಲ. ಸೋಮವಾರಪೇಟೆ ತಾಲ್ಲೂಕಿನವರಿಗೆ ಇದು ಹೊಸದಲ್ಲ. ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು, ಎರಡು ಕಂಬ ಮುರಿದವು. ನಾನು ಹೇಳಬೇಕು ಅಂದುಕೊಂಡಿರುವುದು ಐದನೇ ದಿನದ ವಿಷಯ.

ಹೊಸ ಕಂಬ ನಿಲ್ಲಿಸಿ ಆಗಿತ್ತು. ಲೈನ್‌ಮ್ಯಾನ್ ಬಂದರು. ಹದಿನೈದು ವರ್ಷದಿಂದ ನಮ್ಮೂರಿಗೆ ಅವರೇ. ಲೈನ್ ಮುಟ್ಟೋಕೆ ಮೊದಲು ಸಬ್‌ಸ್ಟೇಷನ್‌ನಿಂದ ಎಲ್‌ಸಿ (ಲೈನ್ ಕ್ಲಿಯರ್) ತಗೋಬೇಕು. ಅಂದ್ರೆ ಈ ಫೀಡರ್, ಅಲ್ಲಿಂದ ನಮ್ಮ ಕಡೆ ಬರೋ ಲೈನ್, ಆಫ್ ಆಗಿದೆ, ನೀವು ಹೇಳೋವರೆಗೂ ಯಾರೂ ಆನ್ ಮಾಡಲ್ಲ ಅನ್ನೋ ಮಾತು. ಆ ಮಾತನ್ನ ನಂಬಿಯೇ ಅವರು ಕಂಬ ಹತ್ತೋದು. ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ಟವರ್‌ಗೂ ಕರೆಂಟ್ ಬೇಕಲ್ವಾ? ಬ್ಯಾಟರಿ ಖಾಲಿಯಾಗಿ ಎರಡನೇ ದಿನವೇ ಟವರ್ ನಿಂತುಹೋಗಿತ್ತು.

"ಈಗೇನ್ ಮಾಡ್ತೀರಣ್ಣ?" ಅಂದೆ.

"ಹೋಗಿ ಹೇಳಿ ಬರ್ತೀನಕ್ಕ" ಅಂದರು.

ಸುರಿಯೋ ಮಳೆಯಲ್ಲಿ 9 ಕಿಲೋಮೀಟರ್ ಬೈಕ್‌ನಲ್ಲಿ ಹೋಗಿ, ಪುಸ್ತಕದಲ್ಲಿ ಬರೆಸಿ, ವಾಪಸ್ ಬಂದರು. ನಮ್ಮ ಗದ್ದೆ ಬದಿಯ ಕಂಬದ ಬುಡದಲ್ಲಿ ಬೀಗ ಹಾಕಿದ ಕಬ್ಬಿಣದ ಹ್ಯಾಂಡಲ್ ಇದೆ. ಅದನ್ನ ಜಗ್ಗಿದರೆ ಕಂಬದ ಮೇಲಿನ ಸ್ವಿಚ್ಚಿನ ಬ್ಲೇಡುಗಳು ಬಿಟ್ಟುಕೊಂಡು ಲೈನ್ ಕಟ್ ಆಗುತ್ತೆ. ತುಕ್ಕು ಹಿಡಿದು ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಮೇಲೆ ಮೂರು ಬ್ಲೇಡೂ ಬಿಟ್ಟುಕೊಂಡಿವೆಯಾ ಅಂತ ತಲೆಯೆತ್ತಿ ಒಂದೊಂದನ್ನೇ ನೋಡಿದರು. ಕಣ್ಣಿಗೆ ಮಳೆನೀರು ಬೀಳ್ತಿತ್ತು, ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ಅರ್ಥಿಂಗ್ ಮಾಡಿ ಏಣಿ ಹಾಕಿದರು. ಸಂಜೆ ಏಳಕ್ಕೆ ಮನೆಯಲ್ಲಿ ದೀಪ ಬಂತು.

ನಾನು ಊರಿಗೆ ವಾಪಸ್ ಬರೋ ಮೊದಲು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದವಳು. ಅವತ್ತು ಆ ಹ್ಯಾಂಡಲ್ ನೋಡಿದಾಗ ನನಗೆ ಉಕ್ರೇನ್ ನೆನಪಾಯಿತು.

2015ರ ಡಿಸೆಂಬರ್ 23. ಪಶ್ಚಿಮ ಉಕ್ರೇನಿನ ಇವಾನೋ-ಫ್ರಾಂಕಿವ್ಸ್ಕ್ ಪ್ರಾಂತ್ಯ. ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತವರ ಕಣ್ಣೆದುರೇ ಪರದೆ ಮೇಲಿನ ಬಾಣ ತಾನಾಗಿ ಓಡಾಡೋಕೆ ಶುರುಮಾಡಿತು. ಒಂದೊಂದೇ ಬ್ರೇಕರ್, ಅಂದ್ರೆ ಲೈನ್ ಕಟ್ ಮಾಡೋ ದೊಡ್ಡ ಸ್ವಿಚ್, ಆಫ್ ಮಾಡ್ತಾ ಹೋಯಿತು. ಮೌಸ್ ಅಲ್ಲಾಡಿಸಿದರೂ ಅದು ಇವರ ಮಾತು ಕೇಳಲಿಲ್ಲ. ಮೂರು ಕಂಪನಿಗಳ ಮೇಲೆ ಒಟ್ಟಿಗೇ ದಾಳಿಯಾಗಿ, ಚಳಿಗಾಲದ ಹೊತ್ತಿನಲ್ಲಿ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು.

ಒಳಗೆ ಬಂದಿದ್ದು ಹೇಗೆ ಗೊತ್ತಾ? ಒಂದು ಇಮೇಲ್‌ನಿಂದ. ಆಫೀಸಿನಲ್ಲಿ ಯಾರೋ ಅದರ ಜೊತೆ ಬಂದ ಫೈಲ್ ತೆರೆದಿದ್ದರು. 'ಬ್ಲ್ಯಾಕ್‌ಎನರ್ಜಿ' ಅನ್ನೋ ವೈರಸ್ ಕೂತುಕೊಂಡಿತು. ದಾಳಿಕೋರರು ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿದ್ದು, ಪಾಸ್‌ವರ್ಡ್ ಕದ್ದು, ಎಲ್ಲಿ ಏನಿದೆ ಅಂತ ತಿಳಿದುಕೊಂಡರು. ಆ ದಿನ ಬ್ರೇಕರ್ ಆಫ್ ಮಾಡಿದ್ದಷ್ಟೇ ಅಲ್ಲ. ದೂರದಿಂದ ಮತ್ತೆ ಆನ್ ಮಾಡೋಕೆ ಆಗದ ಹಾಗೆ ಸಬ್‌ಸ್ಟೇಷನ್ನಿನ ಉಪಕರಣಗಳ ಸಾಫ್ಟ್‌ವೇರನ್ನೂ ಕೆಡಿಸಿದರು. ಕಂಪ್ಯೂಟರ್‌ಗಳನ್ನ ಅಳಿಸಿಹಾಕಿದರು. ದೂರು ಕೊಡೋ ನಂಬರಿಗೆ ಸುಳ್ಳು ಕರೆಗಳ ಮಳೆ ಸುರಿಸಿ ಜನರಿಗೆ ಲೈನೇ ಸಿಗದ ಹಾಗೆ ಮಾಡಿದರು.

ಆದರೂ ಒಂದರಿಂದ ಆರು ಗಂಟೆಯೊಳಗೆ ಕರೆಂಟ್ ವಾಪಸ್ ಬಂತು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನಿಗೇ ಹೋದರು, ಬ್ರೇಕರನ್ನ ಕೈಯಲ್ಲೇ ಆನ್ ಮಾಡಿದರು. ಅಲ್ಲಿ ಕೈಯಲ್ಲಿ ಮಾಡೋ ವ್ಯವಸ್ಥೆ ಉಳಿದಿತ್ತು, ಮಾಡೋಕೆ ಗೊತ್ತಿದ್ದ ಜನರೂ ಇದ್ದರು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಕತ್ತಲೆ ಎಷ್ಟು ದಿನ ಇರುತ್ತಿತ್ತೋ.

ಇದನ್ನ ಹೇಳಿದರೆ ನಮ್ಮಲ್ಲಿ ಒಂದು ಮಾತು ಬರುತ್ತೆ. ಕೊಡಗಿನಲ್ಲಿ ಮರ ಬಿದ್ದೇ ಕರೆಂಟ್ ಹೋಗುತ್ತೆ, ವೈರಸ್ ಯಾಕೆ ಬೇಕು ಅಂತ. ನಾನು ಒಪ್ಪಲ್ಲ. 2012ರ ಜುಲೈನಲ್ಲಿ ಉತ್ತರ ಭಾರತ ಪೂರ್ತಿ ಕತ್ತಲಾದಾಗ ನಾವು ದಕ್ಷಿಣದವರು ಉಳಿದುಕೊಂಡೆವು. ಆಗ ನಮ್ಮ ಗ್ರಿಡ್, ಅಂದ್ರೆ ಕರೆಂಟ್ ಲೈನುಗಳ ಜಾಲ, ಬೇರೆ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನ್ ಸೇರಿಸಿದ ಮೇಲೆ ಇಡೀ ದೇಶಕ್ಕೆ ಒಂದೇ ಗ್ರಿಡ್. ಅದು ಒಳ್ಳೆಯದೇ, ಬೇಕಾದಾಗ ಎಲ್ಲಿಂದಾದರೂ ಕರೆಂಟ್ ತರಬಹುದು. ಆದರೆ ಎಲ್ಲೋ ಆದ ತೊಂದರೆ ಇನ್ನೆಲ್ಲೋ ಮುಟ್ಟುವ ದಾರಿಯೂ ಅದೇ. ಮೈಸೂರು–ಕೋಝಿಕ್ಕೋಡ್ 400 ಕೆವಿ ಲೈನಿಗೆ ನಮ್ಮ ಜಿಲ್ಲೆಯ ಸಾವಿರಾರು ಮರ ಹೋದವು. ಗ್ರಿಡ್ಡಿಗಾಗಿ ಇಷ್ಟು ಕೊಟ್ಟವರು ಅದರ ಬಗ್ಗೆ ಕೇಳೋದೇ ಬೇಡವಾ?

ಇನ್ನು, ಕೆಡೋಕೆ ವೈರಸ್ಸೇ ಬೇಕು ಅಂತಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೋದಲ್ಲಿ ಲೈನುಗಳು ಮರಕ್ಕೆ ತಾಗಿ ಟ್ರಿಪ್ ಆದವು. ನಮ್ಮಲ್ಲಿ ಆಗೋ ಥರಾನೇ. ಅಲಾರಂ ಕೊಡಬೇಕಿದ್ದ ಸಾಫ್ಟ್‌ವೇರ್ ತನ್ನೊಳಗಿನ ಒಂದು ದೋಷದಿಂದ ನಿಂತುಹೋಗಿತ್ತು. ಕೂತವರಿಗೆ ಎಲ್ಲ ಸರಿಯಾಗಿದೆ ಅಂತಲೇ ಕಾಣ್ತಿತ್ತು. ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು.

ನಮ್ಮ ದೇಶದ್ದೇ ಕೇಳಿ. 2020ರ ಆಗಸ್ಟ್ 12, ಜನ್ಮಾಷ್ಟಮಿ ದಿನ. ಉತ್ತರ ಪ್ರದೇಶದಲ್ಲಿ ಲಕ್ಷಕ್ಕೂ ಜಾಸ್ತಿ ಮನೆಗಳ ಸ್ಮಾರ್ಟ್ ಮೀಟರ್ ಇದ್ದಕ್ಕಿದ್ದಂತೆ ಕರೆಂಟ್ ಕಟ್ ಮಾಡಿದವು. ಬಿಲ್ ಕಟ್ಟಿದವರದ್ದೂ ಹೋಯಿತು. ಸರ್ವರ್‌ನಿಂದ ತಪ್ಪು ಆದೇಶ ಹೋಗಿತ್ತು, ಅಷ್ಟೇ. ದೇಶದಲ್ಲಿ ಇಂಥ 25 ಕೋಟಿ ಪ್ರೀಪೇಯ್ಡ್ ಮೀಟರ್ ಹಾಕುವ ಗುರಿ ಇದೆ. ಬಿಲ್ಲಿನ ಬಗ್ಗೆ ಎಲ್ಲರೂ ಜಗಳ ಆಡ್ತಾರೆ. ಮೀಟರ್ ಒಳಗೆ ದೂರದಿಂದ ಆಫ್ ಮಾಡೋ ಒಂದು ಸ್ವಿಚ್ ಇದೆ, ಅದರ ಬೀಗದಕೈ ಯಾರ ಹತ್ತಿರ, ಅದನ್ನ ಹೇಗೆ ಕಾಯ್ತಾರೆ ಅಂತ ಕೇಳೋರು ಕಡಿಮೆ.

ಕಂಪ್ಯೂಟರ್ ಬೇಡ ಅಂತ ನಾನು ಹೇಳ್ತಿಲ್ಲ. ಯಾವ ಫೀಡರ್ ಎಲ್ಲಿ ಹೋಗಿದೆ ಅಂತ ಕೂತಲ್ಲೇ ಗೊತ್ತಾದರೆ ನಮಗೂ ಒಳ್ಳೆಯದು. ಆದರೆ ಇಮೇಲ್ ನೋಡೋ ಕಂಪ್ಯೂಟರಿಗೂ ಬ್ರೇಕರ್ ಆಫ್ ಮಾಡೋ ಕಂಪ್ಯೂಟರಿಗೂ ಸಂಬಂಧ ಇರಬಾರದು. 2019ರಲ್ಲಿ ಕೂಡಂಕುಳಂ ಅಣು ಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರಿಗೆ ವೈರಸ್ ಬಂದಿದ್ದನ್ನ ಅಣುವಿದ್ಯುತ್ ನಿಗಮವೇ ಒಪ್ಪಿಕೊಂಡಿತು. ಸ್ಥಾವರ ನಡೆಸೋ ವ್ಯವಸ್ಥೆ ಬೇರೆಯೇ ಇತ್ತು, ಅದಕ್ಕೆ ಮುಟ್ಟಿಲ್ಲ ಅಂತಲೂ ಹೇಳಿತು. ಆ ಗೋಡೆ ಸಣ್ಣ ಸ್ಟೇಷನ್ನಿಗೂ ಬೇಕು.

ನಮ್ಮ ಲೈನ್‌ಮ್ಯಾನ್‌ಗೆ ಇನ್ನು ನಾಲ್ಕು ವರ್ಷಕ್ಕೆ ರಿಟೈರ್‌ಮೆಂಟ್. ಯಾವ ಕಂಬದ ಹಿಂದೆ ಯಾವ ಮರ ವಾಲಿದೆ, ಯಾವ ಹ್ಯಾಂಡಲ್ ಬಿಗಿ, ಯಾವ ಟಿಸಿಗೆ (ಟ್ರಾನ್ಸ್‌ಫಾರ್ಮರ್) ತೋಟದೊಳಗಿಂದ ದಾರಿ, ಎಲ್ಲ ಅವರ ತಲೆಯಲ್ಲಿದೆ. ಅವರ ಜೊತೆ ಓಡಾಡಿ ಕಲಿಯೋಕೆ ಇವತ್ತಿನವರೆಗೂ ಒಬ್ಬ ಹುಡುಗನನ್ನ ಹಾಕಿಲ್ಲ.

ಮುಂದಿನ ಗ್ರಾಮಸಭೆಗೆ ಕರೆಂಟ್ ಆಫೀಸಿನವರು ಬರ್ತಾರೆ. ಮಳೆಗೆ ಮೊದಲು ಹ್ಯಾಂಡಲ್‌ಗಳಿಗೆ ಗ್ರೀಸ್ ಹಾಕಿ, ಟವರ್ ಸತ್ತರೂ ಸ್ಟೇಷನ್ ಜೊತೆ ಮಾತಾಡೋಕೆ ವೈರ್‌ಲೆಸ್ ಸೆಟ್ ಕೊಡಿ, ಕಂಪ್ಯೂಟರ್ ಮುಟ್ಟದೆ ಲೈನ್ ನಡೆಸೋದನ್ನ ವರ್ಷಕ್ಕೊಂದು ದಿನ ಅಭ್ಯಾಸ ಮಾಡಿ, ಈ ವರ್ಷವೇ ಒಬ್ಬ ಹುಡುಗನನ್ನ ಹಾಕಿ ಅಂತ ಬರೆದುಕೊಟ್ಟು ಕೇಳ್ತೀನಿ. ಶಾಂತಳ್ಳಿ ಕಡೆಯವರು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ಅವತ್ತು ಬನ್ನಿ. ಅರ್ಜಿಗೆ ನಿಮ್ಮ ಸಹಿಯೂ ಬೇಕು.