ಮಾಮ್ ಅಂಗಡಿಯಲ್ಲಿ ನನ್ನ ಹಳದಿ

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕಣ್ಣು ಕೂರುವ ಹೊತ್ತಿಗೆ ಫೋನು ಬಂತು. ‘ಚೇಟ್ಟಾ, ಒರು ಪಾರ್ಸಲ್ ಉಂಡ್’ ಎಂದ ಹುಡುಗ. ಮನೆ ಎಲ್ಲಿ ಎಂದು ಕೇಳಿದ, ಹೇಳಿದೆ. ಪುನಃ ಕೇಳಿದ, ಪುನಃ ಹೇಳಿದೆ. ಮೂರನೇ ಸಲ ಹೇಳುವಾಗ ಆಟಿಯ ಮಳೆ ಜೋರಾಗಿ ಲೈನೇ ಹೋಯಿತು. ಹತ್ತು ನಿಮಿಷ ಕಳೆದು ಒಂದು ಮೆಸೇಜು: ಪಾರ್ಸೆಲನ್ನು ಮಾರ್ಗದ ಬದಿಯ ಅಂಗಡಿಯಲ್ಲಿ ಕೊಟ್ಟಿದ್ದೇನೆ.

ನಮ್ಮ ಓಣಿ ಮಾರ್ಗಕ್ಕೆ ಸೇರುವಲ್ಲಿ ಇರುವುದು ಒಂದೇ ಅಂಗಡಿ. ಮಾಮ್ ಅಂಗಡಿ. ಇಡೀ ಕಾಸರಗೋಡು ಪೇಟೆಯಲ್ಲಿ ನನ್ನ ಪಾರ್ಸೆಲು ಯಾವ ಅಂಗಡಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಗಿ ಕೂತಿದೆ. ಯಾಕೆಂದರೆ ಅದರೊಳಗೆ ಇರುವುದು ಬಣ್ಣದ ಬಾಟ್ಲಿ. ಮಾಮ್ ಮಾರುವುದೂ ಅದೇ ಬಣ್ಣದ ಬಾಟ್ಲಿ.

ಇವತ್ತು ಶುಕ್ರವಾರ. ಇನ್ನೂ ತರಲಿಕ್ಕೆ ಹೋಗಿಲ್ಲ.

ಮಾಮ್‌ಗೆ ಹೆಸರು ಬೇರೆ ಉಂಟು. ಕೊಂಕಣಿ ಮಾತಾಡುವ ಅಂಗಡಿಯವರನ್ನು ಮಾಮ್ ಎನ್ನುವುದು ನಮ್ಮ ಕಡೆಯ ವಾಡಿಕೆ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ. ನೋಟ್‌ಬುಕ್ಕು, ಥರ್ಮೋಕೋಲು, ಮಕ್ಕಳ ಪ್ರಾಜೆಕ್ಟಿನ ಚಾರ್ಟು, ಚೌತಿ ಬಂದರೆ ಬಣ್ಣದ ಕಾಗದ, ಇಷ್ಟು ಅವರ ವ್ಯಾಪಾರ. ಒಳಗೆ ಮೂಲೆಯಲ್ಲಿ ಮಾತ್ರ ಒಂದು ಗಾಜಿನ ಕಪಾಟು. ಅದರಲ್ಲಿ ಬಾಲ್ಸಾ ಮರದ ಪಟ್ಟಿ, ವಿಮಾನದ ಕಿಟ್ಟು ಎರಡು, ಮತ್ತೆ ಮೂರು ಸಾಲು ವಿದೇಶಿ ಬಣ್ಣ. ಏಳೆಂಟು ವರ್ಷದ ಹಿಂದೆ ದುಬೈಯಿಂದ ರಜೆಗೆ ಬಂದವರ ಮನೆಯ ಹುಡುಗನೊಬ್ಬ ‘ತರಿಸಿ ಮಾಮ್, ನಾನು ಎಲ್ಲ ತೆಕ್ಕೊಳ್ತೇನೆ’ ಎಂದನಂತೆ. ಇವರು ತರಿಸಿದರು. ಹುಡುಗ ರಜೆ ಮುಗಿಸಿ ಹೋದ. ಕಪಾಟು ಉಳಿಯಿತು. ಅದಕ್ಕೆ ಈಗ ಗಿರಾಕಿ ಎಂದು ಇರುವುದು ನಾನೊಬ್ಬ. ಹೆಚ್ಚೆಂದರೆ ಒಂದೂವರೆ.

ನಿವೃತ್ತರಾದ ಮೇಲೆ ಜನ ತೊಂಡೆ ಚಪ್ಪರ ಹಾಕುತ್ತಾರೆ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ, ದೇವಸ್ಥಾನದ ಕಮಿಟಿಗೆ ಸೇರಿ ಜಗಳ ಮಾಡುತ್ತಾರೆ. ನಾನು 34 ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದು ಬಂದವನು ಹೆಬ್ಬೆರಳಿನಷ್ಟೂ ಉದ್ದವಿಲ್ಲದ, ಸರಿಯಾಗಿ ಹೇಳಬೇಕೆಂದರೆ 32 ಮಿಲಿಮೀಟರಿನ ಗೊಂಬೆಗಳಿಗೆ ಬಣ್ಣ ಹಚ್ಚುತ್ತೇನೆ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಒಂದು ಪೆಟ್ಟಿಗೆ ಬೂದು ಪ್ಲಾಸ್ಟಿಕ್ಕಿನ ಪಡೆ ಅದು. ‘ಅದೆಂತಕ್ಕೆ ಬಣ್ಣ? ಯಾರು ನೋಡ್ಲಿಕ್ಕೆ?’ ಎಂದು ಮನೆಯವಳು ಕೇಳುವುದನ್ನು ಬಿಟ್ಟಿದ್ದಾಳೆ. ತಿಂಡಿ ಡಬ್ಬಿಗಳ ಲೆಕ್ಕ ಕೇಳುವುದನ್ನು ಬಿಟ್ಟಿಲ್ಲ. ಒಂದು ಡಬ್ಬಿಯಲ್ಲಿ ನಾನು ಅಂಚೆಚೀಟಿ ಒದ್ದೆ ಮಾಡುವ ಹಳೆಯ ಸ್ಪಂಜು ಹಾಸಿ, ಅದರ ಮೇಲೆ ಕೇಕಿನ ಬೇಕಿಂಗ್ ಕಾಗದ ಬಿಡಿಸಿ, ಬಣ್ಣ ಒಣಗದ ಹಾಗೆ ಇಟ್ಟುಕೊಳ್ಳುತ್ತೇನೆ. ಆಟಿಯಲ್ಲಿ ನಾಲ್ಕು ದಿನ ಮರೆತರೆ ಸ್ಪಂಜು ಮುಗ್ಗಲು ಹಿಡಿದು ನಾರುತ್ತದೆ. ಜಗಳ ಇರುವುದು ಅಲ್ಲಿ.

ಶುರುವಿನಲ್ಲಿ ನಾನೂ ಬಟ್ಟೆಗೆ, ಮಡಕೆಗೆ ಬಳಿಯುವ 15 ಮಿಲಿಲೀಟರಿನ ಅಗ್ಗದ ಅಕ್ರಿಲಿಕ್ ಬಣ್ಣದ ಬಾಟ್ಲಿ ತಂದವನೇ. ಬಟ್ಟೆಗೆ ಅದು ಚಂದವೇ. ಗೊಂಬೆಗೆ ಎರಡು ಕೈ ಬಳಿದ ಮೇಲೆ ಅದಕ್ಕೆ ಒಂದು ಕಾಲದಲ್ಲಿ ಮೂಗು ಇತ್ತು ಎಂಬುದಕ್ಕೆ ಸಾಕ್ಷಿ ಉಳಿಯಲಿಲ್ಲ. ತೊಳೆಯೋಣ ಎಂದರೆ ಅಕ್ರಿಲಿಕ್ಕಿನ ಸ್ವಭಾವ ಗೊತ್ತಲ್ಲ: ಹಸಿ ಇರುವಾಗ ನೀರಿನ ನೆಂಟ, ನೀರು ಆರಿ ಒಳಗಿನ ಪ್ಲಾಸ್ಟಿಕ್ಕಿನ ಕಣಗಳು ಒಂದಕ್ಕೊಂದು ಅಂಟಿದ ಮೇಲೆ ನೀರನ್ನು ಗುರುತೇ ಹಿಡಿಯುವುದಿಲ್ಲ. ಕೆಲಸ ಸಿಕ್ಕಿದ ಮೇಲಿನ ಅಳಿಯಂದಿರ ಹಾಗೆ.

ಹಾಗೆ ಮಾಮ್ ಕಪಾಟಿನ ಮುಂದೆ ಹೋಗಿ ನಿಂತೆ. ಸಿಟಡೆಲ್ ಎಂದು ಇಂಗ್ಲೆಂಡಿನದ್ದು, ಮುಚ್ಚಳದ 12 ಮಿಲಿಲೀಟರ್ ಡಬ್ಬಿ. ಅದರ ಹೆಸರುಗಳನ್ನು ಕೇಳಬೇಕು: ಮೆಫಿಸ್ಟನ್ ರೆಡ್, ಅವರ್‌ಲ್ಯಾಂಡ್ ಸನ್‌ಸೆಟ್. ಎಲ್ಲ ಇಲ್ಲದ ಲೋಕದ ಇಲ್ಲದ ಜನ, ಇಲ್ಲದ ಊರುಗಳು. ನಲ್ನ್ ಆಯಿಲ್ ಎಂದು ಒಂದು ಕಪ್ಪು ನೀರು ಉಂಟು, ಸಂದಿಗೊಂದಿಗಳಲ್ಲಿ ಇಳಿದು ನೆರಳು ಮಾಡುತ್ತದೆ. ಹೆಸರಲ್ಲಿ ಮಾತ್ರ ಎಣ್ಣೆ, ಒಳಗೆ ಒಂದು ತೊಟ್ಟೂ ಇಲ್ಲ. ಇನ್ನೊಂದು ಸ್ಪೇನಿನ ಕಂಪೆನಿ, ಕಣ್ಣಿನ ಮದ್ದಿನ ಹಾಗೆ ಹನಿ ಬೀಳುವ ಬಾಟ್ಲಿ. ಅದನ್ನು ಮಗ ವಯೇಹೋ ಎನ್ನುತ್ತಾನೆ, ಮಾಮ್ ವಲ್ಲೆಜೋ ಎನ್ನುತ್ತಾರೆ, ನಾನು ಬೆರಳು ತೋರಿಸುತ್ತೇನೆ. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾಗಿ 1969ರಲ್ಲಿ ಸ್ಪೇನಿಗೆ ಗಂಟುಮೂಟೆ ಕಟ್ಟಿದ ಕಂಪೆನಿಯಂತೆ. ಗಡಿ ದಾಟಿದವರ ಹೆಸರು ಎಲ್ಲರ ಬಾಯಲ್ಲೂ ಸೊಟ್ಟವೇ. ನಾವು ದಾಟಲೂ ಇಲ್ಲ. 1956ರ ನವೆಂಬರ್ 1ಕ್ಕೆ ಗಡಿಯೇ ನಮ್ಮನ್ನು ದಾಟಿ ತಲಪಾಡಿಗೆ ಹೋಗಿ ಕೂತಿತು. ಬಸ್ಸಿನ ಬೋರ್ಡಿನಲ್ಲಿ ನಾವು ಕಾಸರ್ಕೋಡ್ ಆದೆವು. ಅದಿರಲಿ. ಈ ಸ್ಪೇನಿನವರ ಬಣ್ಣಕ್ಕೆ ನಂಬರುಗಳು. ಕಪ್ಪು 70.950, ಬಿಳಿ 70.951. ಅಂಚೆಯವನಿಗೆ ಇದು ಹಿತ. ಪಿನ್‌ಕೋಡಿನ ಹಾಗೆ ಬಾಯಿಪಾಠ ಬರುತ್ತದೆ.

ಕೆಲವು ಬಾಟ್ಲಿಗಳೊಳಗೆ ಕಲಕಲಿಕ್ಕೆಂದು ಉಕ್ಕಿನ ಸಣ್ಣ ಗುಂಡು ಹಾಕಿರುತ್ತಾರೆ. ಇಲ್ಲದಿದ್ದವುಗಳಿಗೆ ಮಾಮ್ ಹೇಳಿ ನಾನೇ ಹಾಕಿಕೊಂಡಿದ್ದೇನೆ. ಮಾಮ್ ಬಾಟ್ಲಿ ಕೊಡುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಟಿಕ್ ಟಿಕ್ ಎಂದರೆ ‘ಜೀವ ಉಂಟು’ ಎಂದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಸದ್ದು ಬಾರದಿದ್ದರೆ ಮಾತಾಡದೆ ತಿರುಗಿ ಕಪಾಟಿನಲ್ಲಿ ಇಡುತ್ತಾರೆ. ಬಿಸಾಡುವುದಿಲ್ಲ. ಬಿಸಾಡಿದ್ದರೆ ಇಷ್ಟು ಹೊತ್ತಿಗೆ ಕಪಾಟು ಖಾಲಿ.

ಈಗ ಹಳದಿ. ಪೆಟ್ಟಿಗೆಯ ಅಡಿಯಲ್ಲಿ ಒಂದು ಗೊಂಬೆ ಸಿಕ್ಕಿತು. ಮನುಷ್ಯನ ಮೈ, ಕೊಂಬಿರುವ ತಲೆ, ಕೈಯಲ್ಲಿ ಕೊಡಲಿ. ‘ಅಪ್ಪಾ, ಅದು ಮಿನೊಟಾರ್. ಗ್ರೀಕರದ್ದು. ಹೋರಿಯ ತಲೆ’ ಎಂದ ಮಗ ಫೋನಿನಲ್ಲಿ. ಕುಂಬಳೆ ಸೀಮೆಯಲ್ಲಿ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನ ಹತ್ತಿರದಲ್ಲಿ ಹುಟ್ಟಿ, ಕೊಂಬಿರುವ ಮುಖವನ್ನು ಗ್ರೀಕರದ್ದು ಎನ್ನುತ್ತಾನಲ್ಲ ಎಂದು ಸಿಟ್ಟು ಬಂತು. ಅದು ಮಹಿಷಾಸುರ. ಯಾರು ನೋಡಿದರೂ ಮಹಿಷಾಸುರ. ಹಾಗೆ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ವೇಷದ, ಮುಖವರ್ಣಿಕೆಯನ್ನೇ ಅದಕ್ಕೆ ಬರೆಯುವುದೆಂದು ಹೊರಟೆ.

ನನಗೆ ಆ ಮುಖ ಗೊತ್ತು. ನಾಲ್ಕು ಇಂಚಿನ ಹತ್ತಿರದಿಂದ ಗೊತ್ತು. ಒಂಬತ್ತು ವರ್ಷದವನಿದ್ದಾಗ ಸೋದರಮಾವ ನನ್ನನ್ನು ವೇಷ ಕಟ್ಟುವ ಚೌಕಿಗೆ ಕರಕೊಂಡು ಹೋಗಿದ್ದರು. ವೇಷಧಾರಿ ಮಾವನ ಗುರ್ತದವರು. ಗ್ಯಾಸ್‌ಲೈಟಿನ ಸುಂಯ್ ಸದ್ದು, ಕೈಕನ್ನಡಿ, ತೆಂಗಿನೆಣ್ಣೆಯ ವಾಸನೆ, ಚಿಪ್ಪುಗಳಲ್ಲಿ ಕಲಸಿಟ್ಟ ಬಣ್ಣ: ಅರದಾಳದ ಹಳದಿ, ಇಂಗಳಿಕದ ಕೆಂಪು, ಕಾಡಿಗೆ. ಮುಖಕ್ಕೆ ಬಣ್ಣ ಎಳೆದ ಮೇಲೆ ಚುಟ್ಟಿ ಇಡುವ ಕೆಲಸ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ನಿಲ್ಲಿಸುವುದು. ಒಂದು ಸಾಲು ಆರಬೇಕು, ಮತ್ತೆ ಅದರ ಮೇಲೆ ಇನ್ನೊಂದು. ಮೂರು ತಾಸಾದರೂ ಬೇಕು. ಈಗ ಗೊಂಬೆಯವರು ‘ದಪ್ಪಗೆ ಒಂದು ಕೈ ಬೇಡ, ತೆಳ್ಳಗೆ ಎರಡು ಕೈ’ ಎಂದು ದೊಡ್ಡ ಗುಟ್ಟಿನ ಹಾಗೆ ಹೇಳುತ್ತಾರಲ್ಲ, ನಾನದನ್ನು ಅಂದೇ ಚಾಪೆಯ ಮೇಲೆ ಕೂತು ನೋಡಿದ್ದೇನೆ.

ಬರೇ ನೋಡಿದ್ದಲ್ಲ. ‘ಹುಡುಗ ಸುಮ್ಮನೆ ಕೂತಿದ್ದಾನಲ್ಲ, ಗಾಳಿ ಹಾಕಲಿ’ ಎಂದು ನನ್ನ ಕೈಗೆ ಅಡಿಕೆ ಹಾಳೆಯ ಬೀಸಣಿಗೆ ಕೊಟ್ಟರು. ಮಹಿಷಾಸುರನಿಗೆ ಗಾಳಿ ಹಾಕುವ ಕೆಲಸ! ಶಾಲೆಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಎಂದು ನನಗೆ ಆಗಲೇ ಚಿಂತೆ ಹತ್ತಿತ್ತು. ಒಂದು ಗಂಟೆ ಹಾಕಿದೆ. ಎರಡು ಗಂಟೆ ಹಾಕಿದೆ. ಹೊರಗೆ ಚೆಂಡೆ, ಒಳಗೆ ಗ್ಯಾಸ್‌ಲೈಟಿನ ಬಿಸಿ. ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ, ಬೀಸಣಿಗೆ ಮಾತ್ರ ತನ್ನಷ್ಟಕ್ಕೆ ಬೀಸುತ್ತಾ ಹೋಗಿ ಟಪ್ ಎಂದು ಮಹಿಷಾಸುರನ ಎಡಗೆನ್ನೆಗೆ ಬಡಿಯಿತು.

ಎಚ್ಚರಾದಾಗ ಎರಡು ಸಾಲು ಚುಟ್ಟಿ ಅವರ ಮಡಿಲಲ್ಲಿ ಬಿದ್ದಿತ್ತು. ಅವರು ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ಬಾಯಿ ಅಗಲಿಸಿದರೆ ಬಲಗೆನ್ನೆಯದ್ದೂ ಒಡೆಯುತ್ತದೆ. ಸುಮ್ಮನೆ ನನ್ನನ್ನು ನೋಡಿದರು. ಕಣ್ಣಿನ ಸುತ್ತ ಕಪ್ಪು, ಅದರ ಸುತ್ತ ಕೆಂಪು, ಅದರ ಸುತ್ತ ಆ ಹಳದಿ. ರಂಗಸ್ಥಳಕ್ಕೆ ಹೋಗುವ ಹೊತ್ತಾಗಿತ್ತು, ಮತ್ತೆ ಇಡಲು ಸಮಯವಿಲ್ಲ. ಬೋಳು ಎಡಗೆನ್ನೆಯಲ್ಲೇ ಎದ್ದು ಹೋದರು. ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭಗ್ಗೆಂದು ಎದ್ದು, ಜನರ ನಡುವಿನಿಂದ ಮಹಿಷಾಸುರ ಬಂದ. ಬಂದವನು ರಂಗಸ್ಥಳ ಸೇರುವವರೆಗೂ ಬಲಗೆನ್ನೆಯನ್ನೇ ಜನರ ಕಡೆ ಹಿಡಿದಿದ್ದ. ಓರೆಯಾಗಿ ಹೆಜ್ಜೆ, ಓರೆಯಾಗಿ ಗರ್ಜನೆ. ಮರುದಿನ ಪೇಟೆಯಲ್ಲೆಲ್ಲ ಅದೇ ಸುದ್ದಿ: ಎಂಥಾ ಪ್ರವೇಶ ಮಾರಾಯ್ರೆ, ಓರೆನೋಟದ ಮಹಿಷಾಸುರ! ಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದು ತುಂಬ ಹಳೆಯ ಕ್ರಮ, ಈಗ ಯಾರಿಗೂ ಗೊತ್ತಿಲ್ಲ ಎಂದು ಅವರಿವರ ಜಗಲಿಯಲ್ಲಿ ಕೂತು ಹೇಳಿದರು. ಸಾಯುವವರೆಗೂ ಹೇಳಿದರು. ಪರಂಪರೆ ಎಂಬ ಮಾತು ಕೇಳಿದಾಗ ನನಗೆ ಇಂದಿಗೂ ಮೊದಲು ನೆನಪಾಗುವುದು ಆ ಬೀಸಣಿಗೆ.

ನಾನು ಹೇಳಲು ಹೊರಟದ್ದು ಹಳದಿಯ ಬಗ್ಗೆ. ಆ ಹಳದಿ ನನಗೆ ಯಾವ ಬಾಟ್ಲಿಯಲ್ಲೂ ಸಿಗುವುದಿಲ್ಲ. ಅರದಾಳ ಎಂದರೆ ಪಾಷಾಣದ ಜಾತಿಯದ್ದು, ಅದು ಸಿಕ್ಕಿದರೂ ನನಗೆ ಬೇಡ. ಆದರೆ ಅಕ್ರಿಲಿಕ್ ಹಳದಿಯಷ್ಟು ಸೋಗಲಾಡಿ ಬಣ್ಣ ಇನ್ನೊಂದಿಲ್ಲ. ಬಾಟ್ಲಿಯಲ್ಲಿ ಚೆಂಡುಹೂ, ಕಪ್ಪು ಅಸ್ತರಿನ ಮೇಲೆ ಹಚ್ಚಿದರೆ ಪಾಗಾರದ ಪಾಚಿ. ಮೈ ಮುಚ್ಚುವ ಶಕ್ತಿಯೇ ಅದಕ್ಕಿಲ್ಲ. ಕೆಳಗೆ ಮೊದಲು ಬಿಳಿಯನ್ನೋ ಕಾವಿಗಂದನ್ನೋ ಹಾಸಿ ಕೊಟ್ಟರೆ ಮಾತ್ರ ಮೇಲೆ ಬಂದು ಮೆರೆಯುತ್ತದೆ. ಅಂಥವರನ್ನು ಕಚೇರಿಯಲ್ಲಿ ಕಂಡಿದ್ದೇನೆ.

ಮಾಮ್ ಹತ್ತಿರ ಹಳದಿ ಕೇಳಿದೆ. ಹಸುರು ಏಳು ಬಗೆಯದ್ದು ಉಂಟು, ಹಳದಿ ಮುಂದಿನ ವಾರ ಎಂದರು. ಮುಂದಿನ ವಾರವೂ ಮುಂದಿನ ವಾರ ಎಂದರು. ಇವರ ಅಂಗಡಿ ಒಂದು ಗಂಟೆಗೆ ಬಾಗಿಲು ಹಾಕಿದರೆ ತೆಗೆಯುವುದು ನಾಲ್ಕಕ್ಕೆ. ಬಿಲ್ಲು ಕೇಳಿದರೆ ಮನೆತನದ ಮರ್ಯಾದೆ ಕೇಳಿದ ಹಾಗೆ ನೋಡುತ್ತಾರೆ. ಬಾಟ್ಲಿಗೆ ಫೋನಿನಲ್ಲಿ ತೋರಿಸುವ ದರಕ್ಕಿಂತ 40 ರೂಪಾಯಿ ಹೆಚ್ಚು. ಅಂಗಡಿ ಊರಿನದ್ದು ಎಂಬ ಒಂದೇ ಕಾರಣಕ್ಕೆ ಇಷ್ಟನ್ನೂ ಸಹಿಸಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಬರೆದವನು ನಾನೇ. ಕಳೆದ ದೀಪಾವಳಿಗೆ ‘ಊರಿನ ಅಂಗಡಿಯಲ್ಲೇ ಕೊಳ್ಳಿ, ಊರನ್ನು ಉಳಿಸಿ’ ಎಂಬ ವಾಟ್ಸಾಪ್ ಸಂದೇಶವನ್ನು ಅಕ್ಷರತಪ್ಪು ತಿದ್ದಿ ಎಲ್ಲರಿಗೂ ಕಳಿಸಿದ್ದೆ. ಮಾಮ್‌ಗೂ ಕಳಿಸಿದ್ದೆ. ಅವರು ಕೈಮುಗಿದ ಚಿತ್ರ ಕಳಿಸಿದ್ದರು. ಅಂಗಡಿಗೆ ಬಂದು ಬಣ್ಣ ನೋಡಿ, ಮಾಮ್ ಹತ್ತಿರ ಬುದ್ಧಿ ಕೇಳಿ, ಮುಚ್ಚಳದ ಫೋಟೋ ಹೊಡೆದು, ‘ಮತ್ತೆ ಬರ್ತೇನೆ’ ಎಂದು ಹೋಗಿ ಮೊಬೈಲಿನಲ್ಲಿ ತರಿಸುವ ಕಾಲೇಜು ಹುಡುಗರನ್ನು ನಾನು ಅವರ ಎದುರೇ ಬೈದದ್ದುಂಟು. ನಾನು ಫೋಟೋ ಹೊಡೆಯಲಿಲ್ಲ, ನಂಬರು ಬಾಯಿಪಾಠ ಮಾಡಿದೆ. ಅದೊಂದು ವ್ಯತ್ಯಾಸ ಉಂಟು. ಮೊದಲ ಸಲ ಹಾಗೆ ತರಿಸಿದ ಆರರಲ್ಲಿ ಎರಡು ಬಾಟ್ಲಿ ಸದ್ದೇ ಮಾಡಲಿಲ್ಲ, ಒಳಗೆ ರಬ್ಬರಿನ ಉಂಡೆ. ಅದನ್ನು ಯಾರ ಹತ್ತಿರ ದೂರುವುದು? ಮಾಮ್ ಹತ್ತಿರವಂತೂ ಆಗುವುದಿಲ್ಲ.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಕೊಡೆ ಹಿಡಿದು ಹೊರಟೇಬಿಟ್ಟೆ. ಮೇಜಿನ ಮೇಲೆ ಮಹಿಷಾಸುರ ಎಷ್ಟು ದಿನ ಹಾಗೇ ನಿಲ್ಲುವುದು?

ಮಾಮ್ ಒಂದು ಮಗುವಿಗೆ ಗ್ರಾಫ್ ಕಾಗದ ಎಣಿಸಿ ಕೊಡುತ್ತಿದ್ದರು. ಪಾರ್ಸೆಲು ಅವರ ಹಿಂದೆಯೇ, ಗಾಜಿನ ಕಪಾಟಿನ ತಲೆಯ ಮೇಲೆ ಇತ್ತು. ಒಂದು ಮೂಲೆ ಮಳೆಗೆ ಒದ್ದೆಯಾಗಿ ಉಬ್ಬಿತ್ತು. ನಾನು 10 ರೂಪಾಯಿಯ ಒಂದು ರಬ್ಬರು ಕೇಳಿದೆ, ಕೊಟ್ಟರು. ಪೆನ್ಸಿಲು ಕೇಳಿದೆ, ಕೊಟ್ಟರು. ಡಬಲ್ ಸೊನ್ನೆಯ ಬ್ರಶ್ಶು ಕೇಳಿದೆ. ನನ್ನ ಹತ್ತಿರ ಅದು ಆಗಲೇ ನಾಲ್ಕು ಉಂಟು ಎಂದು ಅವರಿಗೂ ಗೊತ್ತು; ಆದರೂ ಕೊಟ್ಟರು.

‘ಮತ್ತೆ… ಒಂದು ಪಾರ್ಸೆಲು ಬಂದಿದೆಯಂತೆ ಮಾಮ್.’

‘ಹೌದು, ಮಂಗಳವಾರವೇ. ನೀವು ಬರ್ಲೇ ಇಲ್ಲ. ಎಂತದ್ದು?’

‘ಮದ್ದು’ ಎಂದೆ. ‘ಮನೆಯವಳದ್ದು. ಮಂಡಿನೋವಿಗೆ.’

ಮಾಮ್ ಸ್ಟೂಲು ಹತ್ತಿ ಪಾರ್ಸೆಲನ್ನು ಇಳಿಸಿದರು. ಧೂಳೇನೂ ಇರಲಿಲ್ಲ, ಆದರೂ ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಎರಡು ಸಲ ಅಲ್ಲಾಡಿಸಿದರು. ಟಿಕ್ ಟಿಕ್ ಟಿಕ್.

‘ಮದ್ದಿಗೆ ಜೀವ ಉಂಟು’ ಎಂದರು. ‘ತೆಕ್ಕೊಳ್ಳಿ.’