ಗಾಜಿನ ಲೋಟದ ಜ್ಯೂಸು

ನಮ್ಮ ಮನೆಯ ಕಾಫಿಪುಡಿ ಡಬ್ಬದಲ್ಲಿ ಒಂದು ಸ್ಟೀಲ್ ಚಮಚ ಇದೆ. ಹಿಡಿಯ ತುದಿಯಲ್ಲಿ ಒಂದು ವಿಮಾನ ಕಂಪನಿಯ ಗುರುತು ಕೊರೆದಿದೆ. ತೊಳೆದು ತೊಳೆದು ಅರ್ಧ ಸವೆದಿದೆ. ಆದರೂ ಕಿಟಕಿ ಬೆಳಕಿಗೆ ಹಿಡಿದರೆ ಕಾಣುತ್ತೆ. ಕಂಪನಿಯ ಹೆಸರು ಬೇಡ ಬಿಡಿ. ಚಮಚ ನಮ್ಮ ಮನೆಗೆ ಹೇಗೆ ಬಂತು ಅಂತಲೂ ಈಗಲೇ ಕೇಳಬೇಡಿ.

2011ರಲ್ಲಿ ಆಫೀಸಿನ ಖರ್ಚಿನಲ್ಲಿ ನಾನು ಮೊದಲ ಸಲ ವಿಮಾನ ಹತ್ತಿದೆ. ಅದೇ ಕಂಪನಿಯದು. ಕೂತು ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ಇಕ್ಕಳದಲ್ಲಿ ಹಿಡಿದು ಬಿಸಿ ಬಿಸಿ ಒದ್ದೆ ಟವೆಲು ಕೊಟ್ಟರು. ನಾನು ಮುಖ, ಕತ್ತು, ಕಿವಿಯ ಹಿಂದೆ ಎಲ್ಲಾ ಒರೆಸಿಕೊಂಡೆ. ಆಮೇಲೆ ಟವೆಲಿನ ಬಣ್ಣ ನೋಡಿ ಗಾಬರಿಯಾಗಿ, ಕೊಳೆ ಒಳಗೆ ಬರುವ ಹಾಗೆ ಮಡಚಿ ವಾಪಸ್ ಕೊಟ್ಟೆ. ಪೆಪ್ಪರ್‌ಮಿಂಟು ಬಂತು. ಗಾಜಿನ ಲೋಟದಲ್ಲಿ ಕಿತ್ತಳೆ ಜ್ಯೂಸು ಬಂತು. ಊಟದ ಜೊತೆ ಬಟ್ಟೆಯಲ್ಲಿ ಸುತ್ತಿದ ಸ್ಟೀಲ್ ಚಮಚ ಬಂತು. ಒಟ್ಟು ಎರಡೂವರೆ ಗಂಟೆಯ ಪ್ರಯಾಣ. ಅದನ್ನು ನಾನು ಹದಿಮೂರು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಮದುವೆಯಲ್ಲಿ ಹೇಳಿದ್ದೇನೆ, ನಾಮಕರಣದಲ್ಲಿ ಹೇಳಿದ್ದೇನೆ, ಒಂದು ತಿಥಿಯಲ್ಲೂ ಹೇಳಿ ಹೆಂಡತಿಯಿಂದ ಚಿವುಟಿಸಿಕೊಂಡಿದ್ದೇನೆ.

ಹಾಗಾಗಿ ಮಂಡ್ಯದ ನಮ್ಮ ಸೋದರತ್ತೆಯ ಮಗಳು ದೆಹಲಿಯಲ್ಲಿ ಫ್ಲ್ಯಾಟ್ ತಗೊಂಡು ಗೃಹಪ್ರವೇಶಕ್ಕೆ ಕರೆದಾಗ, ಯಾವ ವಿಮಾನ ಅನ್ನೋ ಪ್ರಶ್ನೆಯೇ ಬರಲಿಲ್ಲ. ಕಡಿಮೆ ದರದ್ದು ಇತ್ತು. ಅದಕ್ಕಿಂತ ನಮ್ಮದು ತಲೆಗೆ 2,300 ರೂಪಾಯಿ ಜಾಸ್ತಿ. ಅತ್ತೆ, ನಾನು, ನನ್ನವಳು, ಮೂರು ಜನಕ್ಕೆ 6,900. ‘ರೀ, ಇಷ್ಟಕ್ಕೆ ಒಂದು ಮಿಕ್ಸಿ ಬರುತ್ತಿತ್ತು’ ಅಂದಳು ನನ್ನವಳು. ‘ಅತ್ತೆ ಜೀವನದಲ್ಲಿ ಮೊದಲ ಸಲ ಹತ್ತುತ್ತಿರೋದು, ಮರ್ಯಾದೆಯಾಗಿ ಹೋಗೋಣ’ ಅಂದೆ. ಅತ್ತೆಗೆ ಕಿಟಕಿ ಸೀಟೇ ಬೇಕು ಅಂತ ಇನ್ನೂ 600 ಕಟ್ಟಿದೆ.

ಅತ್ತೆ ಹಿಂದಿನ ದಿನವೇ ಮಂಡ್ಯದಿಂದ ಸರಸ್ವತಿಪುರಂನ ನಮ್ಮ ಮನೆಗೆ ಬಂದರು. ಬೆಂಗಳೂರಿಗೆ ಹೋಗಬೇಕಾದವರು ಮಂಡ್ಯದಿಂದ ಹಿಂದಕ್ಕೆ ಮೈಸೂರಿಗೆ ಯಾಕೆ ಬರಬೇಕು ಅಂತ ಕೇಳಿದ್ದಕ್ಕೆ, ‘ಶುಭಕಾರ್ಯಕ್ಕೆ ರಸ್ತೇಲಿ ನಿಂತು ಕೈ ಅಡ್ಡ ಹಾಕ್ಕಂಡು ಹೋಗಕ್ಕಾಯ್ತದಾ? ಮನೆಯಿಂದ ಹೊರಡ್ಬೇಕು ಕಣ್ಲಾ’ ಅಂದರು. ರಾತ್ರಿ ಊಟದ ಹೊತ್ತಿಗೆ ನಾನು ಬಿಸಿ ಟವೆಲು, ಗಾಜಿನ ಲೋಟ, ಸೀಟಿನ ಹಿಂದಿನ ಟೀವಿ ಎಲ್ಲಾ ಮತ್ತೊಂದು ಸಲ ವರ್ಣಿಸಿದೆ. ಅತ್ತೆ ಮುದ್ದೆ ಮುರಿಯೋದು ನಿಲ್ಲಿಸಿ ಕೇಳಿದರು.

ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಫ್ಲೈಬಸ್ ಹತ್ತಿದೆವು. ಸುಮಾರು ನಾಲ್ಕು ಗಂಟೆ ಹಾದಿ, ದೆಹಲಿಗೆ ಹಾರೋದಕ್ಕಿಂತ ಜಾಸ್ತಿ. ಕೌಂಟರಿನಲ್ಲಿ ಅತ್ತೆಯ ಸೂಟ್‌ಕೇಸು ತಕ್ಕಡಿಗೆ ಏರಿತು. ಮಿತಿ 15 ಕೆಜಿ, ತೂಗಿದ್ದು 16.8. ಒಳಗೆ ಮಗಳಿಗೆ ರಾಗಿಹಿಟ್ಟು, ಹುರುಳಿಕಾಳು, ಅಚ್ಚುಬೆಲ್ಲ. ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಿ ಅಂದಳು ಕೌಂಟರಿನ ಹುಡುಗಿ. ರೇಟು ಕೇಳಿ ಅತ್ತೆ ಬಾಯಲ್ಲೇ ಲೆಕ್ಕ ಹಾಕಿದರು. ಒಂದು ಕೆಜಿ ಬೆಲ್ಲ ಸಾಗಿಸೋ ದುಡ್ಡಿಗೆ ಮಂಡ್ಯದಲ್ಲಿ ಹತ್ತು ಕೆಜಿ ಬೆಲ್ಲ ಬರುತ್ತೆ. ಸರಿ, ಎಲ್ಲರೆದುರು ಸೂಟ್‌ಕೇಸು ಬಿಚ್ಚಿದೆವು. ಹುರುಳಿಕಾಳು ನನ್ನವಳ ವ್ಯಾನಿಟಿ ಬ್ಯಾಗಿಗೆ ಹೋಯಿತು. ಬೆಲ್ಲ ನನ್ನ ಪ್ಯಾಂಟಿನ ಎರಡೂ ಜೇಬಿಗೆ ಮತ್ತು ಅಂಗಿ ಜೇಬಿಗೆ. ಅದೇ ಬೆಲ್ಲ, ಅದೇ ವಿಮಾನ. ಸೂಟ್‌ಕೇಸಿನಲ್ಲಿದ್ದರೆ ತೂಕ, ನನ್ನ ಜೇಬಿನಲ್ಲಿದ್ದರೆ ತೂಕವಿಲ್ಲ.

ಸೀಟಿಗೆ ಬಂದರೆ ಕಿಟಕಿ ಇಲ್ಲ.

ಸೀಟಿನ ನಂಬರು ಸರಿ ಇದೆ. ಹಿಂದಿನವರಿಗೆ ಕಿಟಕಿ ಇದೆ, ಮುಂದಿನವರಿಗೂ ಇದೆ. ಅತ್ತೆಯ ಪಕ್ಕ ಮಾತ್ರ ನುಣ್ಣಗಿನ ಬಿಳಿ ಗೋಡೆ. ಇದರ ಕಾರಣ ನನಗೆ ಆಮೇಲೆ ಗೊತ್ತಾಯಿತು. ಕಿಟಕಿ ಕೊರೆಯುವವರು ವಿಮಾನ ಮಾಡುವವರು. ಸೀಟು ಹಾಕಿಸುವವರು ವಿಮಾನ ಓಡಿಸುವವರು. ಇವರು ಎರಡೆರಡು ಇಂಚು ಒತ್ತರಿಸಿ ಇನ್ನೊಂದು ಸಾಲು ಸೇರಿಸಿದರೆ ಕಿಟಕಿಗಳು ಜರುಗಿ ದಾರಿ ಬಿಡೋದಿಲ್ಲವಲ್ಲ. ಯಾರಿಗೋ ಒಬ್ಬರಿಗೆ ಗೋಡೆ ಬರುತ್ತೆ. ಆ ಯಾರೋ ಒಬ್ಬರು ನಮ್ಮತ್ತೆ.

‘ಏನ್ಲಾ ಮಗ, ಗ್ವಾಡೆ ನೋಡಕ್ಕೆ ಆರ್ನೂರು ರುಪಾಯಾ? ನಮ್ಮನೇಲಿ ನಾಕು ಗ್ವಾಡೆ ಅವೆ. ಸುಮ್ನೆ ನೋಡ್ಕಂಡು ಕೂತಿರ್ತಿದ್ದೆ.’

ನಾನು ಮಾತು ಮರೆಸೋಕೆ ಟೀವಿ ತೋರಿಸಲು ಹೋದೆ. ಎದುರಿನ ಸೀಟಿನ ಬೆನ್ನಿಗೆ ಟೀವಿ ಇದ್ದ ಜಾಗದಲ್ಲಿ ಒಂದು ಸ್ಟಿಕ್ಕರು. ನಿಮ್ಮ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಸಿನಿಮಾ ನೋಡಿ ಅಂತ. ಅತ್ತೆಯದು ಬಟನ್ ಫೋನು. ಅವರು ಸ್ಟಿಕ್ಕರನ್ನೇ ಬೆರಳಿನಿಂದ ಒತ್ತಿ ನೋಡಿ ಬಿಟ್ಟರು.

‘ಬಿಸಿ ಬಟ್ಟೆ ಯಾವಾಗ ಕೊಡ್ತಾರೆ?’

‘ಕೊಡ್ತಾರೆ ಇರಿ ಅತ್ತೆ.’

ಕೊಟ್ಟರು. ಬೆರಳುದ್ದದ ಒಂದು ಸ್ಯಾಶೆ. ಒಳಗೆ ಒದ್ದೆ ಕಾಗದ ಅಂತ ನನಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಹೇಳೋಕೆ ನನಗೆ ನಾಚಿಕೆ. ಅತ್ತೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಸೆರಗಿನ ಗಂಟಿಗೆ ಸೇರಿಸಿದರು. ಉಪ್ಪಿಟ್ಟು ಬಂದಾಗ ಹೊರಗೆ ತೆಗೆದು, ಮೂಲೆ ಹರಿದು, ಮೂಸಿದರು. ನಿಂಬೆಹಣ್ಣಿನ ವಾಸನೆ ಬಂತು. ಉಪ್ಪಿನಕಾಯಿ ಅಂತ ತಟ್ಟೆಯ ಮೇಲೆ ಹಿಂಡಿದರು. ಏನೂ ಬೀಳಲಿಲ್ಲ. ಎರಡು ಬೆರಳು ಹಾಕಿ ಎಳೆದರೆ ಉದ್ದಕ್ಕೆ ಬಿಳಿ ಕಾಗದ ಬಂತು. ಪಕ್ಕದ ಸಾಲಿನ ಸೂಟುಬೂಟಿನವರು ಅದೇ ಕಾಗದದಲ್ಲಿ ಗಂಭೀರವಾಗಿ ಹಣೆ ಒರೆಸಿಕೊಳ್ಳುತ್ತಿದ್ದರು. ಅತ್ತೆ ಒಂದು ಸಲ ಅವರನ್ನು, ಒಂದು ಸಲ ನನ್ನನ್ನು ನೋಡಿದರು.

‘ಬಾಡಿಲ್ವಾ? ಇವತ್ತು ಸೋಮವಾರ ಅಲ್ವಲ್ಲ.’

ಬಾಡಿರಲಿಲ್ಲ. ಉಪ್ಪಿಟ್ಟು, ಒಂದು ಬನ್ನು, 200 ಎಂಎಲ್ ನೀರಿನ ಬಾಟಲಿ. ಉಪ್ಪಿಟ್ಟಿನ ನೆತ್ತಿಯ ಮೇಲೆ ಅರ್ಧ ಗೋಡಂಬಿ. ಮೂರೂ ಜನದ್ದನ್ನು ಕೆದಕಿ ನೋಡಿದೆ. ಎಲ್ಲರಿಗೂ ಅರ್ಧ ಅರ್ಧವೇ, ಅನ್ಯಾಯ ಮಾಡಿರಲಿಲ್ಲ.

ಇಂಥ ಲೆಕ್ಕಕ್ಕೆ ಒಬ್ಬ ಮೂಲಪುರುಷ ಇದ್ದಾನೆ. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್, ಊಟದ ಸಲಾಡಿನಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದ ಅನ್ನೋ ಕಥೆ ವಿಮಾನದವರ ಬಾಯಲ್ಲಿ ಇವತ್ತಿಗೂ ಓಡಾಡುತ್ತೆ. ನಮ್ಮಲ್ಲಿ 2017ರಲ್ಲಿ ಏರ್ ಇಂಡಿಯಾ ದೇಶದೊಳಗಿನ ವಿಮಾನಗಳ ಎಕಾನಮಿಯಲ್ಲಿ ಮಾಂಸದೂಟವನ್ನೇ ನಿಲ್ಲಿಸಿತು, ಖರ್ಚು ಉಳಿಸೋಕೆ. ಇದರಲ್ಲಿ ತಪ್ಪು ಹುಡುಕೋಕೆ ನನಗೆ ಬಾಯಿಲ್ಲ. ವಿಮಾನ ಓಡಿಸೋ ಖರ್ಚಿನಲ್ಲಿ ದೊಡ್ಡ ಪಾಲು ಇಂಧನಕ್ಕೇ ಹೋಗುತ್ತೆ. ಹಾಗಿರುವಾಗ ಎಲ್ಲಾದರೂ ಕತ್ತರಿ ಆಡಿಸಲೇಬೇಕು.

ಆದರೆ ಮಂಡ್ಯ ಕಡೆ ಬೀಗರೂಟಕ್ಕೆ ಒಂದು ಕಾನೂನಿದೆ. ಬಡಿಸುವವನು ಪೀಸು ಎಣಿಸಬಾರದು. ಎಣಿಸಿದರೂ ಎಣಿಸಿದ ಹಾಗೆ ಕಾಣಬಾರದು. ಸೌಟು ಪಾತ್ರೆಯ ತಳಕ್ಕೆ ಹೋಗಿ, ಮೇಲೆ ಬಂದು, ಒಂದು ಚೂರು ಜಾರಿ ವಾಪಸ್ ಬಿತ್ತು ಅಂದುಕೊಳ್ಳಿ. ಆ ಚೂರಿನ ಸುದ್ದಿ ಮದ್ದೂರು ದಾಟಿ ಚನ್ನಪಟ್ಟಣ ಮುಟ್ಟುತ್ತೆ. ನಮ್ಮತ್ತೆ ಮೂವತ್ತು ವರ್ಷ ಹಿಂದಿನ ಒಂದು ಬೀಗರೂಟದಲ್ಲಿ ತಮ್ಮ ಎಲೆಗೆ ಬಂದದ್ದು ಬರೀ ಮೂಳೆ ಅಂತ ಆ ಮನೆಯವರ ಹೆಸರು ಹೇಳಿ ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ಅದೇ ಅತ್ತೆ ಕೆಂಪು ಬಸ್ಸಿನಲ್ಲಿ ಮಂಡ್ಯದಿಂದ ಮೈಸೂರಿನ ತನಕ ನಿಂತುಕೊಂಡು ಬಂದರೂ ಗೊಣಗೋದಿಲ್ಲ. ಕೆಂಪು ಬಸ್ಸು ಬಿಸಿ ಬಟ್ಟೆ ಕೊಡ್ತೀನಿ ಅಂತ ಯಾವತ್ತೂ ಹೇಳಿಲ್ಲವಲ್ಲ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಊಟ ಪುಕ್ಕಟೆ ಕೊಡಲಿಲ್ಲ, ಬೇಕಾದರೆ ಕೊಂಡುಕೊಳ್ಳಿ ಅಂದರು. ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಒಂದು ರೂಪಾಯಿ ಕೊಟ್ಟವನು ಗೋಡಂಬಿ ಹುಡುಕೋದಿಲ್ಲ, ವಿಮಾನ ಇಳಿದರೆ ಸಾಕು ಅಂತಾನೆ. 2,300 ಜಾಸ್ತಿ ಕೊಟ್ಟ ನನ್ನಂಥವನೇ ಚಮಚ ಹಿಡಿದು ಕೆದಕೋದು.

ಚಮಚ ಅಂದೆನಲ್ಲ, ಅದು ಮರದ್ದು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ಚಮಚ ದೇಶದಲ್ಲೇ ನಿಷೇಧ. ಸ್ಟೀಲಿಗೆ ತೂಕ ಜಾಸ್ತಿ, ತೊಳೆಯೋ ಖರ್ಚು ಬೇರೆ. ಉಳಿದದ್ದು ಮರ. ಅತ್ತೆ ತಿರುಗಿಸಿ ನೋಡಿ ‘ಐಸ್‌ಕ್ಯಾಂಡಿ ಕಡ್ಡಿ’ ಅಂದರು. ಉಪ್ಪಿಟ್ಟು ಆರಿ ಅಚ್ಚು ಹೊಯ್ದ ಹಾಗಾಗಿತ್ತು. ಒತ್ತಿದರು. ಟಪ್ ಅಂತ ಸದ್ದಾಯಿತು. ಹಿಡಿ ಅತ್ತೆಯ ಕೈಯಲ್ಲಿ, ತಲೆ ಉಪ್ಪಿಟ್ಟಿನಲ್ಲಿ. ಅತ್ತೆ ಹಿಡಿಯನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಉಂಡರು. ಎರಡು ತುತ್ತಿಗೆ ಮುಖ ಕಿವುಚಿ ‘ಸಪ್ಪೆ’ ಅಂದರು.

ಅದು ಪೂರ್ತಿ ಅಡುಗೆಯವನ ತಪ್ಪಲ್ಲ. ಜರ್ಮನಿಯ ಲುಫ್ತಾನ್ಸಾದವರು ಫ್ರೌನ್‌ಹೋಫರ್ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿದ್ದಾರೆ. ಮೇಲಿನ ಒಣಗಾಳಿ, ಕಡಿಮೆ ಒತ್ತಡಕ್ಕೆ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ಇದನ್ನು ನಾನು ಅತ್ತೆಗೆ ವಿವರಿಸಿದೆ. ‘ನಾಲ್ಗೆ ನಂದು ಸರಿಗೈತೆ’ ಅಂದರು. ನಾನು ಅಂಗಿ ಜೇಬಿನಿಂದ ಒಂದು ಅಚ್ಚುಬೆಲ್ಲ ತೆಗೆದು ಕೊಟ್ಟೆ. ಮೂವರೂ ಉಪ್ಪಿಟ್ಟಿಗೆ ಬೆಲ್ಲ ಕಚ್ಚಿಕೊಂಡು ತಿಂದೆವು. ಪ್ಯಾಂಟಿನ ಜೇಬಿನ ಬೆಲ್ಲ ಆ ಇಕ್ಕಟ್ಟಿನಲ್ಲಿ ಪುಡಿಯಾಗಿ, ಬೆವರಿಗೆ ಪಾಕ ಹಿಡಿಯೋಕೆ ಶುರುವಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ತಟ್ಟೆ ಎತ್ತೋಕೆ ಬಂದ ಗಗನಸಖಿ ಮುರಿದ ಚಮಚ ನೋಡಿ ಸಾರಿ ಅಂದಳು. ಬೆಳಗಿನಿಂದ ಎಷ್ಟು ಸಾರಿ ಹೇಳಿದ್ದಳೋ, ಪಾಪ, ಧ್ವನಿ ಕಟ್ಟಿತ್ತು. ಅತ್ತೆ ‘ನೀನೇನ್ ಮಾಡೀಯವ್ವ’ ಅಂದು ಕೈಚೀಲದಿಂದ ನಾಲ್ಕು ಕೋಡುಬಳೆ ತೆಗೆದು ಅವಳ ಕೈಗಿಟ್ಟರು. ಕೋಡುಬಳೆಯನ್ನಂತೂ ಅವರು ಎಣಿಸಲಿಲ್ಲ, ಹಿಡಿಗೆ ಸಿಕ್ಕಿದ್ದು ನಾಲ್ಕು.

ನನ್ನವಳು ಆಗ ಮೆಲ್ಲಗೆ ಕೇಳಿದಳು. ‘ರೀ, ಆವತ್ತು ಗಾಜಿನ ಲೋಟ ನಿಜವಾಗ್ಲೂ ಇತ್ತಾ?’

ಇತ್ತು ಅಂದೆ. ಆಮೇಲೆ ಯೋಚನೆ ಹತ್ತಿತು. ಟವೆಲು ಇತ್ತು, ಅದು ಖಂಡಿತ, ಅದರ ಬಣ್ಣ ಮರೆಯೋಕಾಗಲ್ಲ. ಚಮಚಕ್ಕೆ ಸಾಕ್ಷಿ ಮನೆಯಲ್ಲೇ ಇದೆ. ಲೋಟ? ಗಾಜಿನದೋ, ಗಾಜಿನಂಥ ಪ್ಲಾಸ್ಟಿಕ್ಕಿನದೋ? ಹದಿಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂದರೆ, ಈಗ ನೆನಪಾಗೋದು ಲೋಟ ಅಲ್ಲ, ನಾನು ಹೇಳಿದ್ದು.

ಚಮಚದ ವಿಷಯಕ್ಕೆ ಬರೋಣ. ನೀವು ಆಗಲೇ ಊಹಿಸಿರುತ್ತೀರಿ. ಹೌದು, ಅದು 2011ರಲ್ಲಿ ಬಟ್ಟೆಯ ಸಮೇತ ನನ್ನ ಬ್ಯಾಗಿಗೆ ಬಂತು. ನನ್ನಂಥ ಸಾವಿರ ಜನ ಇದ್ದಾರು, ಅದಕ್ಕೇ ಅವರು ಮರಕ್ಕೆ ಇಳಿದಿದ್ದಾರು ಅಂತ ಆ ಸೀಟಿನಲ್ಲಿ ಕೂತು ಸ್ವಲ್ಪ ಕೊರಗಿದೆ. ಮೈಸೂರಿಗೆ ಬಂದ ಮೇಲೆ ಸಮಾಧಾನ ಸಿಕ್ಕಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ವಿಮಾನದೊಳಗೆ ಓದೋಕೆ ಇಡುವ ತನ್ನ ಪತ್ರಿಕೆಯನ್ನು ತೆಳು ಕಾಗದದಲ್ಲಿ ಅಚ್ಚು ಹಾಕಿಸಿತಂತೆ, ಪ್ರತಿಗೆ ಒಂದು ಔನ್ಸ್, ಅಂದರೆ 28 ಗ್ರಾಂ ಕಡಿಮೆ. ಅಷ್ಟಕ್ಕೇ ವರ್ಷಕ್ಕೆ 1,70,000 ಗ್ಯಾಲನ್ ಇಂಧನ ಉಳಿಯುತ್ತೆ ಅಂತ 2018ರಲ್ಲಿ ಸುದ್ದಿಯಾಗಿತ್ತು. ಸುಮಾರು 6.4 ಲಕ್ಷ ಲೀಟರ್. ನನ್ನ ಚಮಚವನ್ನು ಅಡುಗೆಮನೆ ತಕ್ಕಡಿಯಲ್ಲಿ ಹಾಕಿ ನೋಡಿದೆ. 32 ಗ್ರಾಂ. ನಾನು ಕದ್ದಿಲ್ಲ ಕಣ್ರೀ, ತೂಕ ಇಳಿಸಿದ್ದೇನೆ.

ಗೃಹಪ್ರವೇಶ ಚೆನ್ನಾಗಿ ಆಯಿತು. ಹಾಸನದಿಂದ ಬೀಗರು ಬಂದಿದ್ದರು, ಕಡಿಮೆ ದರದ ವಿಮಾನದಲ್ಲಿ. ಊಟ ಆಗಿ ಎಲೆಅಡಿಕೆ ಹೊತ್ತಿಗೆ ಬೀಗಿತ್ತಿ ತಮ್ಮ ಕಥೆ ತೆಗೆದರು. ಕುಡಿಯೋ ನೀರಿಗೂ ದುಡ್ಡಂತೆ, ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತಂತೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಕೇಳಿದರು. ಸವರಿ ಮುಗಿದ ಮೇಲೆ ಬಾಯಿ ಬಿಟ್ಟರು.

‘ನಮ್ದು ಹಂಗಲ್ಲ ಬುಡಿ. ನಮ್ಮಣ್ಣನ ಮಗ ದೊಡ್ಡ ವಿಮಾನಕ್ಕೇ ಮಾಡ್ಸಿದ್ದ. ಕೂತೇಟ್ಗೆ ಬಿಸಿ ಬಟ್ಟೆ ಕೊಟ್ರು, ಮಖ ಒರ್ಸ್ಕೊಳಿ ಅಂತ. ಕಿಟಕೀಲಿ ನೋಡುದ್ರೆ ಮೋಡ ಹತ್ತಿ ಹಾಸ್ದಂಗೆ. ಊಟುಕ್ಕೆ ಸ್ಟೀಲ್ ಚಮಚ.’

ನಾನು ಬಾಯಿ ತೆರೆದವನು ಹಾಗೇ ಮುಚ್ಚಿದೆ. ನನ್ನವಳು ಸೀರೆಯ ಅಂಚು ನೋಡುತ್ತಾ ಕೂತಳು. ಬೀಗರು ನನ್ನ ಕಡೆ ತಿರುಗಿದರು.

‘ಜ್ಯೂಸು ಗಾಜಿನ ಲೋಟದಲ್ಲೇ ಕೊಡ್ತಾರಂತಲ್ಲ, ಹೌದೇನ್ರೀ?’

‘ಹೌದು’ ಅಂದೆ. ‘ಕಿತ್ತಳೆ ಜ್ಯೂಸು.’