ಪ್ಯಾಚ್ ಹಾಕಿದ ಮಾತ್ರಕ್ಕೆ ಟಿಕೆಟ್ ಕ್ಲೋಸ್ ಮಾಡಬೇಡಿ

ಭದ್ರತಾ ಅಪ್‌ಡೇಟ್ ಬಂತು, ಹಾಕಿದೆವು, ಟಿಕೆಟ್ (ಕೆಲಸದ ದಾಖಲೆ) ಕ್ಲೋಸ್. ಸರ್ವರ್ ನೋಡಿಕೊಳ್ಳುವವರಲ್ಲಿ ಬೇರೂರಿರುವ ಈ ರೂಢಿ ಎನ್‌ಕ್ರಿಪ್ಷನ್ ಲೈಬ್ರರಿಗಳ ವಿಷಯದಲ್ಲಿ ನಿಜಕ್ಕೂ ಅಪಾಯ. ಯಾಕೆ ಅಂತ ತಿಳಿಯಲು 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಒಂದು ಸಾಕು.

ದೋಷ ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯ ಆವೃತ್ತಿ 1.0.1ರಿಂದ 1.0.1ಎಫ್‌ವರೆಗೆ. ಸಂಪರ್ಕ ಇನ್ನೂ ಜೀವಂತ ಇದೆಯಾ ಅಂತ ಕೇಳುವ ಹಾರ್ಟ್‌ಬೀಟ್ ಸಂದೇಶದಲ್ಲಿ ಒಂದು ಬೈಟ್ ಬಗೆ, ಎರಡು ಬೈಟ್ ಉದ್ದ, ಆಮೇಲೆ ಮಾಹಿತಿ, ಕೊನೆಗೆ ಕನಿಷ್ಠ 16 ಬೈಟ್ ಪ್ಯಾಡಿಂಗ್ (ಜಾಗ ತುಂಬುವ ಬೈಟ್‌ಗಳು) ಇರುತ್ತದೆ. ಒಂದೇ ಬೈಟ್ ಮಾಹಿತಿ ಕಳಿಸಿ, ಉದ್ದ 65,535 ಅಂತ ಬರೆದರೂ ಸರ್ವರ್ ನಂಬುತ್ತಿತ್ತು! ಅಷ್ಟನ್ನೂ ತನ್ನ ಮೆಮೊರಿಯಿಂದ ನಕಲು ಮಾಡಿ ವಾಪಸ್ ಕೊಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡ್, ಸೆಷನ್ ಕುಕಿ, ಕೆಲವೊಮ್ಮೆ ಸರ್ವರಿನ ಪ್ರೈವೇಟ್ ಕೀ (ಎನ್‌ಕ್ರಿಪ್ಷನ್ನಿನ ಗುಟ್ಟಿನ ಕೀಲಿ) ಕೂಡ. ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು, ಮಾಮೂಲಿ ಲಾಗ್‌ನಲ್ಲಿ ಸುಳಿವೇ ಉಳಿಯುತ್ತಿರಲಿಲ್ಲ.

ಏಪ್ರಿಲ್ 7ರಂದು ಬಂದ ತಿದ್ದಿದ ಆವೃತ್ತಿ 1.0.1ಜಿ ಮಾಡಿದ್ದು ಸಣ್ಣ ಕೆಲಸ: 1, 2, ಹೇಳಿಕೊಂಡ ಉದ್ದ, 16 ಇವನ್ನು ಕೂಡಿಸು, ಮೊತ್ತ ನಿಜವಾಗಿ ಬಂದ ರೆಕಾರ್ಡಿಗಿಂತ ದೊಡ್ಡದಿದ್ದರೆ ಉತ್ತರಿಸದೆ ಬಿಸಾಕು.

ಆದರೆ ಈ ಪ್ಯಾಚ್ ಹಾಕಿ ಡಿಸ್ಕಿನಲ್ಲಿ ಲೈಬ್ರರಿಯ ಫೈಲ್ ಬದಲಾದರೂ ಓಡುತ್ತಿರುವ ಪ್ರೋಗ್ರಾಂ ಮೆಮೊರಿಯಲ್ಲಿರುವ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂಗೆ ರೀಲೋಡ್ ಕೊಟ್ಟರೆ ಮಾಸ್ಟರ್ ಪ್ರೋಸೆಸ್ ಹಳೆಯದೇ, ಅದರಿಂದ ಹುಟ್ಟುವ ವರ್ಕರ್‌ಗಳೂ ಹಳೆಯ ಲೈಬ್ರರಿಯವೇ. ಪೂರ್ತಿ ರೀಸ್ಟಾರ್ಟ್ ಬೇಕು. ಡಿಲೀಟ್ ಆದ ಲಿಬ್‌ಎಸ್‌ಎಸ್‌ಎಲ್ (ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಫೈಲ್) ಅನ್ನು ಯಾವ ಪ್ರೋಸೆಸ್ ಇನ್ನೂ ಬಳಸುತ್ತಿದೆ ಅಂತ ಎಲ್‌ಎಸ್‌ಓಎಫ್ ಎಂಬ ಕಮಾಂಡ್ ತೋರಿಸುತ್ತದೆ. ಮೇಲ್ ಸರ್ವರ್, ವಿಪಿಎನ್ ಮರೆಯಬೇಡಿ. ಲೈಬ್ರರಿಯನ್ನು ತಮ್ಮೊಳಗೇ ಸೇರಿಸಿಕೊಂಡು ಬಿಲ್ಡ್ ಆದ ಪ್ರೋಗ್ರಾಂಗಳು ಎಲ್‌ಎಸ್‌ಓಎಫ್‌ಗೆ ಸಿಗುವುದೇ ಇಲ್ಲ, ಅವನ್ನು ಹೊಸದಾಗಿ ಬಿಲ್ಡ್ ಮಾಡಬೇಕು. ಪ್ರೋಗ್ರಾಂ ಮತ್ತು ಅದರ ಲೈಬ್ರರಿಗಳನ್ನು ಒಟ್ಟಿಗೆ ಕಟ್ಟಿಟ್ಟ ಕಂಟೇನರ್ ಇಮೇಜುಗಳಿಗೂ ಇದೇ ಮಾತು.

ವರ್ಷನ್ ನಂಬರ್ ನೋಡಿ ನಿರ್ಧರಿಸಬೇಡಿ. ಲಿನಕ್ಸ್ ವಿತರಣೆಗಳಾದ ಡೆಬಿಯನ್, ರೆಡ್ ಹ್ಯಾಟ್ ತಮ್ಮ 1.0.1ಇ ಪ್ಯಾಕೇಜಿಗೇ ತಿದ್ದುಪಡಿ ಸೇರಿಸಿದ್ದವು. ಪ್ಯಾಚ್ ಆದ ಮೇಲೂ ಅದು 1.0.1ಇ ಅಂತಲೇ ಹೇಳುತ್ತಿತ್ತು. ನೋಡಬೇಕಾದ್ದು ಪ್ಯಾಕೇಜಿನ ಪೂರ್ಣ ಸಂಖ್ಯೆ ಮತ್ತು ಚೇಂಜ್‌ಲಾಗ್.

ಇಷ್ಟಾದ ಮೇಲೂ ಕೀ ಕಳುವಾಗಿದೆ ಅಂತಲೇ ಹಿಡಿಯಬೇಕು. ಇಂಟರ್ನೆಟ್ ಭದ್ರತಾ ಕಂಪನಿ ಕ್ಲೌಡ್‌ಫ್ಲೇರ್ ಬೇಕೆಂದೇ ದೋಷವಿರುವ ಸರ್ವರೊಂದನ್ನು ತೆರೆದಿಟ್ಟು ಕೀ ತೆಗೆಯಿರಿ ನೋಡೋಣ ಅಂದಾಗ ಅದೇ ದಿನ ಜನ ತೆಗೆದು ತೋರಿಸಿದರು. ಆದ್ದರಿಂದ ಹೊಸ ಕೀ, ಹೊಸ ಸಿಎಸ್‌ಆರ್ (ಸರ್ಟಿಫಿಕೇಟಿಗೆ ಕಳಿಸುವ ಅರ್ಜಿ), ಹೊಸ ಸರ್ಟಿಫಿಕೇಟ್, ಅದನ್ನು ಅಳವಡಿಸಿದ ಮೇಲೆ ಹಳೆಯದರ ರದ್ದತಿ. ಹಳೆಯ ಸಿಎಸ್‌ಆರ್ ಫೈಲನ್ನೇ ಮತ್ತೆ ಕಳಿಸಿದರೆ ದಿನಾಂಕ ಹೊಸದು, ಕೀ ಮಾತ್ರ ಅದೇ. ಹಾಗಾಗಿ ಎರಡೂ ಸರ್ಟಿಫಿಕೇಟುಗಳ ಪಬ್ಲಿಕ್ ಕೀ ಹ್ಯಾಶ್ (ಬೆರಳಚ್ಚಿನಂಥ ಗುರುತು) ಹೋಲಿಸಿ, ಬೇರೆ ಇದೆಯಾ ನೋಡಿ. ಆಮೇಲೆ ಎಲ್ಲ ಸೆಷನ್‌ಗಳನ್ನು ರದ್ದು ಮಾಡಿ, ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳುವುದು. ಈ ಕ್ರಮ ತಪ್ಪಿದರೆ ಕೆಡುಕು: ಸೋರುತ್ತಿರುವ ಸರ್ವರಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಸೋರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ನಷ್ಟ ತುಂಬಲಾಗದು. ಪ್ರತಿ ಸಂಪರ್ಕದ ಗುಟ್ಟೂ ಸರ್ವರಿನ ಒಂದೇ ಕೀ ಮೇಲೆ ನಿಂತಿರುವ ಆರ್‌ಎಸ್‌ಎ ಕೀ ಎಕ್ಸ್‌ಚೇಂಜ್ ಬಳಸುತ್ತಿದ್ದ ಸರ್ವರಿನ ಹಳೆಯ ಟ್ರಾಫಿಕ್ಕನ್ನು ಯಾರಾದರೂ ರೆಕಾರ್ಡ್ ಮಾಡಿಟ್ಟಿದ್ದರೆ, ಕದ್ದ ಕೀಯಿಂದ ಈಗಲೂ ಓದಬಹುದು. ಪ್ರತಿ ಸಂಪರ್ಕಕ್ಕೂ ಬೇರೆ ತಾತ್ಕಾಲಿಕ ಕೀ ಬಳಸುವ ಫಾರ್ವರ್ಡ್ ಸೀಕ್ರೆಸಿ ಇದ್ದರೆ ಅದಾಗದು. ವೆಬ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ನಿಯಮಾವಳಿಯಾದ ಟಿಎಲ್‌ಎಸ್‌ನ ಆವೃತ್ತಿ 1.3ರಲ್ಲಿ ಆ ಹಳೆಯ ಆರ್‌ಎಸ್‌ಎ ವಿಧಾನವನ್ನೇ ತೆಗೆದಿದ್ದಾರೆ. ಇನ್ನೂ 1.2 ಓಡಿಸುತ್ತಿರುವವರು ಸೈಫರ್ (ಎನ್‌ಕ್ರಿಪ್ಷನ್ ವಿಧಾನ) ಪಟ್ಟಿಯಲ್ಲಿ ಫಾರ್ವರ್ಡ್ ಸೀಕ್ರೆಸಿ ಕೊಡುವ ಇಸಿಡಿಎಚ್‌ಇ ಮಾತ್ರ ಉಳಿಸಿ, ಬರೀ ಆರ್‌ಎಸ್‌ಎ ಕೀ ಎಕ್ಸ್‌ಚೇಂಜಿನವನ್ನು ಇವತ್ತೇ ತೆಗೆದುಹಾಕಿ.